ವಿಡಿಯೋ ನೋಡೋರ ಮೈ ಏನು ಹೇಳತ್ತೆ: ಬೆರಳಿಗೆ ಸೆನ್ಸರ್ ಕಟ್ಟಿ ಅಳೆಯೋದು ಹೇಗೆ

ಶಾರ್ಟ್ ಫಿಲ್ಮ್ ಮಾಡಿ ಹತ್ತು ಜನ ಫ್ರೆಂಡ್ಸಿಗೆ ತೋರಿಸಿದ್ರೆ ಹತ್ತೂ ಜನ "ಸಖತ್ತಾಗಿದೆ ಗುರೂ" ಅಂತಾನೇ ಹೇಳೋದು, ಮುಖಕ್ಕೆ ಹೊಡೆದ ಹಾಗೆ ಯಾರೂ ಹೇಳಲ್ಲ, ಗೂಗಲ್ ಫಾರ್ಮ್ ಕಳಿಸಿದ್ರೂ ಅಷ್ಟೇ, ಐದಕ್ಕೆ ನಾಲ್ಕು ಸ್ಟಾರ್ ಒತ್ತಿ ಕೈ ತೊಳ್ಕೋತಾರೆ. ಯಾವ ಸೀನಲ್ಲಿ ಎದೆ ಧಸಕ್ ಅಂತು, ಎಲ್ಲಿ ಮನಸ್ಸು ಇನ್ನೆಲ್ಲೋ ಅಲೆದಾಡ್ಕೊಂಡು ಬಂತು ಅನ್ನೋದು ಆ ದಾರೀಲಿ ಸಿಗಲ್ಲ. ಅದನ್ನ ಮೈಯಿಂದಾನೇ ಕೇಳೋದು ಒಂದು ದಾರಿ: ಬೆರಳಿನ ಬೆವರು, ನಾಡಿ, ಮುಖದ ಸ್ನಾಯು ಇಂಥವನ್ನ ವಿಡಿಯೋ ಓಡ್ತಿರೋವಾಗ್ಲೇ ರೆಕಾರ್ಡ್ ಮಾಡಿ ಆಮೇಲೆ ಟೈಮ್‌ಲೈನ್ ಪಕ್ಕ ಇಟ್ಟು ನೋಡೋದು. ಫೈನಲ್ ಇಯರ್ ಪ್ರಾಜೆಕ್ಟಿಗೆ ಇದನ್ನ ತಗೊಂಡಿರೋ ಇಂಜಿನಿಯರಿಂಗ್ ಹುಡುಗ್ರು, ಸೈಕಾಲಜಿ ಓದ್ತಿರೋರು, ಎಡಿಟಿಂಗ್ ಮಾಡೋರು ಇವ್ರನ್ನೆಲ್ಲ ಮನಸ್ಸಲ್ಲಿ ಇಟ್ಕೊಂಡು ಬರೀತಿದೀನಿ, ಲಕ್ಷಗಟ್ಟಲೆ ದುಡ್ಡಿನ ಲ್ಯಾಬ್ ಇರೋರಿಗೆ ಅಲ್ಲ.

ಶುರು ಮಾಡೋಕೆ ಮುಂಚೆ ಒಂದು ವಿಷಯ ತಲೇಲಿ ಕೂರಬೇಕು. ಈ ಸೆನ್ಸರ್‌ಗಳು "ಯಾವಾಗ" ಅಂತ ಚೆನ್ನಾಗಿ ಹೇಳ್ತವೆ, "ಏನು" ಅಂತ ಹೇಳಲ್ಲ. ಆರ್‌ಸಿಬಿ ಮ್ಯಾಚಿನ ಕೊನೇ ಓವರ್ ತೋರಿಸಿ, ಗೆಲ್ಲೋವಾಗ್ಲೂ ಅಂಗೈ ಬೆವರತ್ತೆ ಸೋಲೋವಾಗ್ಲೂ ಬೆವರತ್ತೆ, ಗ್ರಾಫ್ ಎರಡಕ್ಕೂ ಒಂದೇ ಥರ ಏರತ್ತೆ. ಭಾವನೆಗಳನ್ನ ಅಳೆಯೋರು ಸಾಮಾನ್ಯವಾಗಿ ಎರಡು ಗೆರೆ ಹಾಕ್ಕೋತಾರೆ, 1980ರಲ್ಲಿ ಜೇಮ್ಸ್ ರಸೆಲ್ ಬರೆದ ಪೇಪರ್ ಆದ್ಮೇಲೆ ಇದು ವಾಡಿಕೆ ಆಗೋಯ್ತು: ಒಂದು ಗೆರೆ ಮೈ ಎಷ್ಟು ಎಚ್ಚೆತ್ತಿದೆ ಅನ್ನೋದು, ಅದನ್ನ ಅರೌಸಲ್ ಅಂತಾರೆ, ಇನ್ನೊಂದು ಅನುಭವ ಹಿತವಾಗಿದ್ಯಾ ಅಹಿತವಾಗಿದ್ಯಾ ಅನ್ನೋದು, ಅದು ವೇಲೆನ್ಸ್. ಬೆವರು ಮೊದಲನೇ ಗೆರೆ ಹೇಳತ್ತೆ ಅಷ್ಟೇ. ಎರಡನೇದು ಬೇಕಂದ್ರೆ ಬೇರೆ ಸಿಗ್ನಲ್ ಬೇಕು, ಇಲ್ಲಾ ಬಾಯಿಬಿಟ್ಟು ಕೇಳ್ಬೇಕು. "ನಮ್ಮ ಡಿವೈಸ್ ಏಳು ಭಾವನೆ ಕಂಡುಹಿಡಿಯತ್ತೆ" ಅಂತ ಬೆರಳಿನ ಸೆನ್ಸರ್ ಒಂದನ್ನೇ ಇಟ್ಕೊಂಡು ಯಾರಾದ್ರೂ ಪೋಸ್ಟರ್ ಹಾಕಿದ್ರೆ ಸ್ವಲ್ಪ ಅನುಮಾನದಿಂದಾನೇ ನೋಡಿ.

ಈಗ ಯಾವ್ಯಾವ ಸಿಗ್ನಲ್ ಅಂತ ನೋಡೋಣ. ನನ್ನ ಆಯ್ಕೆ ಮೊದಲು ಬೆವರು, ಅಂದ್ರೆ ಜಿಎಸ್ಆರ್, ಈಗೀಗ ಇಡಿಎ ಅಂತ ಕರೀತಾರೆ. ಅಂಗೈ ಅಂಗಾಲಲ್ಲಿ ಬೆವರಿನ ಗ್ರಂಥಿಗಳು ಒತ್ತೊತ್ತಾಗಿವೆ, ಅವುಗಳ ಕಂಟ್ರೋಲ್ ಸಿಂಪಥೆಟಿಕ್ ನರವ್ಯೂಹದ ಕೈಲಿದೆ, ಗಾಬರಿ ಆದಾಗ ಖುಷಿ ಆದಾಗ ಏನಾದ್ರೂ ಹೊಸದು ಕಂಡಾಗ ಅವು ತುಂಬ್ಕೋತವೆ, ಬೆವರು ಕಣ್ಣಿಗೆ ಕಾಣೋಷ್ಟು ಬರ್ದೇ ಇದ್ರೂ ಚರ್ಮದ ವಿದ್ಯುತ್ ವಾಹಕತೆ ಹೆಚ್ಚಾಗತ್ತೆ. 1888ರಲ್ಲಿ ಫ್ರಾನ್ಸಿನ ಶಾರ್ಲ್ ಫೆರೆ ಸಣ್ಣ ಕರೆಂಟ್ ಹರಿಸಿ ಇದನ್ನ ತೋರಿಸಿದ, ಇವತ್ತಿಗೂ ಮೂಲ ವಿಧಾನ ಅದೇ. ನಾಟ್ಯಶಾಸ್ತ್ರದ ಎಂಟು ಸಾತ್ವಿಕ ಭಾವಗಳಲ್ಲಿ ಸ್ವೇದ, ರೋಮಾಂಚ, ಅಶ್ರು ಎಲ್ಲಾ ಇವೆಯಲ್ಲ, ಅಲ್ಲಿ ಅವು ನಟ ತೋರಿಸ್ಬೇಕಾದವು, ಇಲ್ಲಿ ನಾವು ಪ್ರೇಕ್ಷಕನ ಮೈಯಲ್ಲಿ ಹುಡುಕ್ತಿದೀವಿ, ಆದ್ರೂ ಪಟ್ಟಿ ನೋಡಿದ್ರೆ ಒಂಥರಾ ಸೆನ್ಸರ್ ಪಟ್ಟಿ ಓದಿದ ಹಾಗೇ ಅನ್ಸತ್ತೆ.

ಇದರ ಅಳತೆ ಮೈಕ್ರೋಸೀಮೆನ್ಸಲ್ಲಿ. ಸುಮ್ನೆ ಕೂತಿರೋ ಮನುಷ್ಯನಿಗೆ ಸಾಮಾನ್ಯವಾಗಿ 2ರಿಂದ 20ರ ಮಧ್ಯೆ ಎಲ್ಲೋ ಒಂದು ಲೆವೆಲ್ ಇರತ್ತೆ, ಒಬ್ಬೊಬ್ಬರಿಗೆ ಒಂದೊಂದು. ಆ ಲೆವೆಲ್ ನಿಧಾನವಾಗಿ ಏರಿಳಿಯೋದು ಒಂದು ಭಾಗ, ಅದನ್ನ ಟಾನಿಕ್ ಅಂತಾರೆ, ಅದರ ಮೇಲೆ ಸಣ್ಣ ಸಣ್ಣ ಗುಡ್ಡ ಥರ ಏಳೋದು ಫೇಸಿಕ್. ನಮಗೆ ಸೀನ್ ಲೆಕ್ಕದಲ್ಲಿ ಬೇಕಾಗಿರೋದು ಆ ಗುಡ್ಡಗಳು. ಏನಾದ್ರೂ ಆದ್ಮೇಲೆ ಗುಡ್ಡ ಏಳೋಕೆ ಶುರುವಾಗೋದು ಸುಮಾರು 1ರಿಂದ 3 ಸೆಕೆಂಡ್ ತಡವಾಗಿ, ತುದಿ ಮುಟ್ಟೋಕೆ ಇನ್ನೊಂದು 1ರಿಂದ 3 ಸೆಕೆಂಡ್, ಇಳಿಯೋದು ಇನ್ನೂ ನಿಧಾನ. ಈ ತಡ ನೆನಪಿಟ್ಕೊಳಿ, ಕೊನೇಲಿ ಬೇಕಾಗತ್ತೆ.

ಎರಡನೇದು ಎದೆಬಡಿತ. ಬೆರಳಿಗೆ ಬೆಳಕು ಬಿಟ್ಟು ರಕ್ತದ ಏರಿಳಿತ ನೋಡೋ ಪಿಪಿಜಿ ಸಾಕಾಗತ್ತೆ, ಎದೆಗೆ ಎಲೆಕ್ಟ್ರೋಡ್ ಅಂಟಿಸೋ ಇಸಿಜಿ ಇನ್ನೂ ನಿಖರ ಆದ್ರೆ ಶರ್ಟ್ ಬಿಚ್ಚಿಸಿ ಕೂರಿಸಿದ್ರೆ ನೋಡೋರು ಮುಜುಗರ ಪಟ್ಕೊಂಡು ಅದೇ ಗ್ರಾಫಲ್ಲಿ ಬಂದ್ಬಿಡತ್ತೆ. ಇದರಲ್ಲಿ ಎಷ್ಟೋ ಜನ ತಪ್ಪು ತಿಳ್ಕೊಂಡಿರೋ ಒಂದು ವಿಷಯ ಇದೆ: ಭಯ ಆದ್ರೆ ಬಡಿತ ಜೋರಾಗತ್ತೆ ಅಂತ. ಓಡಿ ತಪ್ಪಿಸ್ಕೋಬೇಕಾದ ಭಯಕ್ಕೆ ಸರಿ, ಆದ್ರೆ ಕುರ್ಚೀಲಿ ಕೂತು ಪರದೆ ಮೇಲೆ ಭಯಂಕರ ಏನೋ ನೋಡ್ತಾ ಇದ್ದಾಗ ಮೊದಲ ಕೆಲವು ಸೆಕೆಂಡ್ ಬಡಿತ ಎಷ್ಟೋ ಸಲ ಇಳಿಯತ್ತೆ, ಮೈ ಗಮನ ಕೊಟ್ಟು ಸ್ತಬ್ಧ ಆದಾಗ ಹಾಗಾಗತ್ತೆ. ಅದಕ್ಕೇ ಬಡಿತ ಇಳೀತು ಅಂದ್ರೆ ಬೋರ್ ಆಯ್ತು ಅಂತ ಬರೀಬೇಡಿ, ಉಸಿರು ಬಿಗಿ ಹಿಡಿದು ನೋಡ್ತಿದ್ದಿರಬಹುದು. ಎಚ್‌ಆರ್‌ವಿ ಅಂತ ಬಡಿತಗಳ ನಡುವಿನ ಅಂತರದ ಲೆಕ್ಕಾನೂ ಹಾಕ್ತಾರೆ, ಆದ್ರೆ 1996ರ ಯುರೋಪ್-ಅಮೆರಿಕ ಹೃದ್ರೋಗ ತಜ್ಞರ ಗೈಡ್‌ಲೈನ್ ಪ್ರಕಾರ ಚಿಕ್ಕ ರೆಕಾರ್ಡಿಂಗ್ ಅಂದ್ರೂ 5 ನಿಮಿಷದ್ದು, ನೀವು 40 ಸೆಕೆಂಡಿನ ಕ್ಲಿಪ್ ತೋರಿಸಿ ಎಲ್‌ಎಫ್ ಎಚ್‌ಎಫ್ ಅಂತ, ಅಂದ್ರೆ ಬಡಿತದ ನಿಧಾನದ ಮತ್ತು ವೇಗದ ಏರಿಳಿತಗಳ, ರೇಶಿಯೋ ತೆಗೆದು ಕೂತ್ರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ವೇಲೆನ್ಸ್ ಬೇಕೇ ಬೇಕು ಅನ್ನೋರಿಗೆ ಮುಖದ ಇಎಂಜಿ, ಅಂದ್ರೆ ಸ್ನಾಯುವಿನ ವಿದ್ಯುತ್ ಅಳೆಯೋದು, ಒಳ್ಳೇ ದಾರಿ. ಹುಬ್ಬು ಗಂಟಿಕ್ಕೋ ಸ್ನಾಯು ಕಾರುಗೇಟರ್, ನಗೋವಾಗ ಕೆನ್ನೆ ಎಳೆಯೋದು ಜೈಗೋಮ್ಯಾಟಿಕಸ್, ಮುಖದಲ್ಲಿ ಹೊರಗೆ ಏನೂ ಕಾಣ್ದೇ ಇದ್ದಾಗ್ಲೂ ಇವುಗಳಲ್ಲಿ ಸಣ್ಣ ಚಟುವಟಿಕೆ ಸಿಗತ್ತೆ. ಇವೆರಡರಲ್ಲಿ ಹುಬ್ಬಿನದ್ದೇ ಹೆಚ್ಚು ನಂಬಿಕಸ್ಥ, ಇಷ್ಟ ಆಗದ್ದಕ್ಕೆ ಏರತ್ತೆ, ಇಷ್ಟ ಆದದ್ದಕ್ಕೆ ಇಳಿಯತ್ತೆ. ಕೆನ್ನೆಯದ್ದು ನಗುಗೂ ಏರತ್ತೆ, ತೀರಾ ಅಸಹ್ಯವಾದದ್ದು ಕಂಡು ಮುಖ ಹಿಂಡ್ಕೊಂಡಾಗ್ಲೂ ಸ್ವಲ್ಪ ಏರತ್ತೆ. ಇದಕ್ಕೆ ಸೆಕೆಂಡಿಗೆ ಸಾವಿರ ಸ್ಯಾಂಪಲ್ ಆದ್ರೂ ತಗೊಳ್ಳೋ ಸಲಕರಣೆ ಬೇಕು. ಮೆದುಳಿನ ವಿದ್ಯುತ್ ಅಳೆಯೋ ಇಇಜಿ ಬಗ್ಗೆ ಜಾಸ್ತಿ ಹೇಳಲ್ಲ, ಮೊದಲನೇ ಪ್ರಾಜೆಕ್ಟಿಗೇ ತಲೆಗೆ ಟೋಪಿ ಹಾಕೋಕೆ ಹೋಗ್ಬೇಡಿ, ಕಣ್ಣು ಮಿಟುಕಿಸಿದ್ದು ಹಲ್ಲು ಕಚ್ಚಿದ್ದು ಎಲ್ಲಾ ಅದರಲ್ಲಿ ಬರತ್ತೆ, ಅದನ್ನ ಸೋಸೋದ್ರಲ್ಲೇ ಸೆಮಿಸ್ಟರ್ ಮುಗಿಯತ್ತೆ. ಇನ್ನು ವೆಬ್‌ಕ್ಯಾಮ್ ಇಟ್ಟು ಮುಖ ನೋಡಿ ಭಾವನೆ ಹೇಳೋ ಸಾಫ್ಟ್‌ವೇರುಗಳಿವೆ, ಸುಲಭ ಅನ್ಸತ್ತೆ, ಆದ್ರೆ 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತೆ ನಾಲ್ಕು ಜನ ಸೇರಿ ಮಾಡಿದ ದೊಡ್ಡ ರಿವ್ಯೂ ಹೇಳಿದ್ದು ಇಷ್ಟು: ಮುಖದ ಚಲನೆಯಿಂದ ಒಳಗಿನ ಭಾವನೆಯನ್ನ ಖಚಿತವಾಗಿ ಓದೋಕಾಗಲ್ಲ, ಒಂದೇ ಭಾವನೆಗೆ ಜನ ಬೇರೆ ಬೇರೆ ಮುಖ ಮಾಡ್ತಾರೆ. ಕತ್ತಲೆ ಕೋಣೇಲಿ ಒಬ್ಬರೇ ಸಿನಿಮಾ ನೋಡೋವಾಗ ನಮ್ಮ ಮುಖ ಹೇಗಿರತ್ತೆ ಯೋಚಿಸಿ, ಕಲ್ಲು.

ಸಲಕರಣೆ. ಬೆಂಗಳೂರಿನ ಎಸ್‌ಪಿ ರೋಡಲ್ಲೋ ಆನ್‌ಲೈನಲ್ಲೋ ಗ್ರೋವ್ ಜಿಎಸ್ಆರ್ ಥರದ ಮಾಡ್ಯೂಲು, ಎರಡು ಬೆರಳಿಗೆ ಸಿಕ್ಕಿಸೋ ಪಟ್ಟಿ, ಪಿಪಿಜಿಗೆ ಪಲ್ಸ್ ಸೆನ್ಸರ್ ಅಥವಾ ಮ್ಯಾಕ್ಸ್30102, ಜೊತೆಗೆ ಸೆನ್ಸರ್ ಓದಿ ಕಂಪ್ಯೂಟರಿಗೆ ಕಳಿಸೋ ಒಂದು ಆರ್ಡುಯಿನೋ ಬೋರ್ಡು, ಇಷ್ಟರಲ್ಲಿ ಕೆಲಸ ಶುರು ಮಾಡಬಹುದು. ಇಎಂಜಿ ಬೇಕು ಅನ್ನೋರಿಗೆ ನಮ್ಮ ದೇಶದ್ದೇ ಅಪ್‌ಸೈಡ್ ಡೌನ್ ಲ್ಯಾಬ್ಸ್‌ನವರ ಬಯೋಆಂಪ್ ಬೋರ್ಡುಗಳಿವೆ. ಕಾಲೇಜಲ್ಲಿ ಬಯೋಪ್ಯಾಕ್ ಅಥವಾ ಶಿಮ್ಮರ್ ಅನ್ನೋ ಲ್ಯಾಬ್ ಮಟ್ಟದ ಸಲಕರಣೆ ಇದ್ರೆ ಪುಣ್ಯವಂತರು ನೀವು, ಅದನ್ನೇ ಬಳಸಿ. ಆರ್ಡುಯಿನೋ ಊನೋದಲ್ಲಿ ಒಂದು ತೊಂದರೆ ಇದೆ, ಅದು 5 ವೋಲ್ಟನ್ನ 1024 ಮೆಟ್ಟಿಲು ಮಾಡತ್ತೆ, ಅಂದ್ರೆ ಒಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್, ನಮಗೆ ಬೇಕಾದ 0.05 ಮೈಕ್ರೋಸೀಮೆನ್ಸಿನ ಸಣ್ಣ ಗುಡ್ಡ ಒಂದೇ ಮೆಟ್ಟಿಲಲ್ಲಿ ಮುಳುಗಿ ಹೋಗಬಹುದು. ಎಡಿಎಸ್1115 ಅನ್ನೋ 16 ಬಿಟ್ಟಿನ ಚಿಪ್ ಮಧ್ಯೆ ಹಾಕಿದ್ರೆ ಅದೇ ಗುಡ್ಡ ಹತ್ತಾರು ಮೆಟ್ಟಿಲಲ್ಲಿ ಕಾಣತ್ತೆ, ಹೊಸ ಮಾಡ್ಯೂಲ್ ಕೊಳ್ಳೋದಕ್ಕಿಂತ ಈ ಒಂದು ಬದಲಾವಣೆಯಿಂದ ಆಗೋ ಲಾಭ ಜಾಸ್ತಿ. ಅಗ್ಗದ ಮಾಡ್ಯೂಲ್ ಕೊಡೋ ನಂಬರ್ ಪಕ್ಕಾ ಮೈಕ್ರೋಸೀಮೆನ್ಸ್ ಅಂತ ನಂಬಬೇಡಿ, ಒಬ್ಬರೇ ಮನುಷ್ಯನ ಒಳಗೆ ಹೋಲಿಸೋಕೆ ಮಾತ್ರ ಅದು.

ಸ್ಮಾರ್ಟ್‌ವಾಚ್ ಆಗಲ್ವಾ ಅಂತ ಕೇಳ್ತಾರೆ. ಸಾಮಾನ್ಯ ವಾಚುಗಳು ಕಚ್ಚಾ ಸಿಗ್ನಲ್ ಕೊಡೋದೇ ಇಲ್ಲ, ಸರಾಸರಿ ಮಾಡಿದ ಬಡಿತದ ನಂಬರ್ ಕೊಡ್ತವೆ, ಮೇಲಾಗಿ ಮಣಿಕಟ್ಟಿನಲ್ಲಿ ಬೆವರಿನ ಪ್ರತಿಕ್ರಿಯೆ ಬೆರಳಿಗಿಂತ ಎಷ್ಟೋ ಕಮ್ಮಿ. ಸಂಶೋಧನೆಗೆ ಅಂತಾನೇ ಮಾಡಿದ ಎಂಪ್ಯಾಟಿಕಾ ಇ4 ಕೂಡ ಬೆವರನ್ನ ಸೆಕೆಂಡಿಗೆ 4 ಸಲ ಅಷ್ಟೇ ಓದ್ತಿತ್ತು, ಬೆವರು ನಿಧಾನದ ಸಿಗ್ನಲ್ ಆಗಿರೋದ್ರಿಂದ ಅದಕ್ಕೆ ನಡೀತಿತ್ತು.

ಸುರಕ್ಷತೆ ವಿಷಯದಲ್ಲಿ ತಮಾಷೆ ಬೇಡ. ಮನುಷ್ಯನ ಮೈಗೆ ವೈರ್ ತಾಗಿರೋವಾಗ ಲ್ಯಾಪ್‌ಟಾಪ್ ಚಾರ್ಜರ್ ಕಡ್ಡಾಯವಾಗಿ ಕಿತ್ತಿರಬೇಕು, ಬ್ಯಾಟರೀಲೇ ಓಡಬೇಕು, ಅಗ್ಗದ ಬೋರ್ಡುಗಳಲ್ಲಿ ಕರೆಂಟ್ ತಡೆಯೋ ಐಸೋಲೇಷನ್ ಇರಲ್ಲ. ಹೀಗೆ ಮಾಡಿದ್ರೆ ನಮ್ಮ 50 ಹರ್ಟ್ಜ್ ಮೇನ್ಸಿನ ಗುಂಯ್ ಅನ್ನೋ ಗಲಾಟೇನೂ ಕಮ್ಮಿ ಆಗತ್ತೆ, ಅದು ಬೋನಸ್. ಪೇಸ್‌ಮೇಕರ್ ಇರೋರನ್ನ ಕೂರಿಸಬೇಡಿ. ಫ್ಲ್ಯಾಶ್ ಹೊಡೆಯೋ ಸೀನ್ ಇದ್ರೆ ಫಿಟ್ಸ್ ಬರೋರನ್ನೂ ಕೂರಿಸಬೇಡಿ.

ಒಪ್ಪಿಗೆ ಪತ್ರ ಮೊದಲೇ. ಬೆವರು, ನಾಡಿ, ಉಸಿರು ಇವೇ ಅಲ್ವಾ ಸುಳ್ಳು ಪತ್ತೆ ಮಾಡೋಕೆ ಬಳಸೋ ಪಾಲಿಗ್ರಾಫಲ್ಲೂ ಇರೋದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಕೇಸಲ್ಲಿ 2010ರ ಮೇ 5ಕ್ಕೆ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದ್ರೆ ಪಾಲಿಗ್ರಾಫ್, ನಾರ್ಕೋ, ಬ್ರೈನ್ ಮ್ಯಾಪಿಂಗ್ ಇವನ್ನ ಒಪ್ಪಿಗೆ ಇಲ್ದೆ ಯಾರ ಮೇಲೂ ಬಲವಂತವಾಗಿ ಮಾಡಂಗಿಲ್ಲ ಅಂತ. ಅದು ಪೊಲೀಸ್ ತನಿಖೆ ವಿಷಯ, ನಿಮ್ಮದು ಕಾಲೇಜ್ ಪ್ರಾಜೆಕ್ಟ್, ಆದ್ರೂ ಒಬ್ಬರ ಮೈ ಒಳಗಿನ ಮಾತು ಅವರ ಅನುಮತಿ ಇಲ್ದೆ ತೆಗೀಬಾರ್ದು ಅನ್ನೋ ತತ್ವ ಒಂದೇ. ಏನು ತೋರಿಸ್ತೀವಿ, ಹೆದರಿಕೆ ಅಥವಾ ರಕ್ತ ಇರೋ ದೃಶ್ಯ ಇದ್ಯಾ, ಡೇಟಾ ಎಲ್ಲಿಡ್ತೀವಿ, ಯಾವಾಗ ಬೇಕಾದ್ರೂ ಎದ್ದು ಹೋಗಬಹುದು ಅನ್ನೋದನ್ನ ಕನ್ನಡದಲ್ಲೇ ಬರೆದು ಕೊಡಿ, ಓದಿ ಹೇಳಿ. ಕಾಲೇಜಿನ ಎಥಿಕ್ಸ್ ಕಮಿಟಿ ಇದ್ರೆ ಅನುಮತಿ ತಗೊಳಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಓದಿಟ್ಕೊಂಡಿದ್ರೆ ಅವರ ಪ್ರಶ್ನೆಗಳಿಗೆ ತಡಬಡಾಯಿಸೋದು ತಪ್ಪತ್ತೆ. ಫೈಲಿಗೆ ಹೆಸರು ಹಾಕ್ಬೇಡಿ, ಪಿ01 ಪಿ02 ಅಂತ ಇಡಿ. ಆಫೀಸಲ್ಲಿ ಟ್ರೈನಿಂಗ್ ವಿಡಿಯೋ ತೋರಿಸಿ ಉದ್ಯೋಗಿಗಳ ಮೈ ಅಳೆಯೋಣ ಅನ್ನೋ ಐಡಿಯಾ ಯಾರಾದ್ರೂ ತಂದ್ರೆ ದೂರ ಇರಿ. ಕೆಲಸದ ಜಾಗದಲ್ಲಿ, ಶಾಲೆಗಳಲ್ಲಿ ಎಐ ಬಳಸಿ ಭಾವನೆ ಊಹಿಸೋದನ್ನ ಯುರೋಪಿಯನ್ ಯೂನಿಯನ್ 2025ರ ಫೆಬ್ರವರಿಯಿಂದ, ವೈದ್ಯಕೀಯ ಮತ್ತು ಸುರಕ್ಷತೆ ಕಾರಣ ಬಿಟ್ಟು, ನಿಷೇಧಾನೇ ಮಾಡಿದೆ.

ಯಾವ ವಿಡಿಯೋ ತೋರಿಸ್ಬೇಕು ಅನ್ನೋದಕ್ಕೆ ಜನ ಕೊಡೋ ಟೈಮ್ ಸಾಲಲ್ಲ. ವಿದೇಶದ ಲ್ಯಾಬುಗಳು ಬಳಸೋ ರೆಡಿ ಕ್ಲಿಪ್ ಪಟ್ಟಿಗಳಿವೆ, 1995ರಲ್ಲಿ ಗ್ರಾಸ್ ಮತ್ತು ಲೆವೆನ್ಸನ್ ಮಾಡಿದ್ದು ಪ್ರಸಿದ್ಧ, ಎಂಟು ಭಾವನೆಗೆ ಹದಿನಾರು ತುಣುಕು, ಮಾತಿರೋವೆಲ್ಲಾ ಇಂಗ್ಲಿಷ್. ಅದನ್ನ ಹಾಗೇ ತಂದು ಹಾಸನದ ಕಾಲೇಜಲ್ಲಿ ತೋರಿಸಿದ್ರೆ ಅರ್ಧ ಗಮನ ಸಬ್‌ಟೈಟಲ್ ಓದೋದ್ರಲ್ಲೇ ಹೋಗತ್ತೆ, ಜೋಕಿಗೆ ನಗು ಬರೋದು ಓದಿ ಮುಗಿಸಿದ ಮೇಲೆ. ಶಾಂಘೈ ಜಿಯಾವೋ ಟಾಂಗ್ ಯೂನಿವರ್ಸಿಟಿಯವರು ಸೀಡ್ ಅನ್ನೋ ಡೇಟಾಸೆಟ್ ಮಾಡೋವಾಗ ಚೀನೀ ಸಿನಿಮಾ ತುಣುಕುಗಳನ್ನೇ ಆರಿಸ್ಕೊಂಡ್ರು, ನೀವೂ ನಿಮ್ಮ ನೋಡುಗರ ಭಾಷೆಯದ್ದೇ ಆರಿಸಿ. ಆದ್ರೆ ಎಲ್ಲರೂ ನೂರು ಸಲ ನೋಡಿರೋ, ಡೈಲಾಗ್ ಬಾಯಿಪಾಠ ಇರೋ ಸೀನ್ ಬೇಡ, ಅಲ್ಲಿ ಮೈ ಪ್ರತಿಕ್ರಿಯಿಸೋದು ಸೀನಿಗೋ ನೆನಪಿಗೋ ಗೊತ್ತಾಗಲ್ಲ. ಮುಂಚೆ ನೋಡಿದೀರಾ ಅಂತ ಪ್ರತಿ ಕ್ಲಿಪ್ ಆದ್ಮೇಲೂ ಕೇಳಿ ಬರ್ಕೊಳಿ.

ಕ್ಲಿಪ್ ಒಂದೊಂದು ಒಂದರಿಂದ ಮೂರ್ನಾಲ್ಕು ನಿಮಿಷ ಇರಲಿ. ಸೌಂಡ್ ಎಲ್ಲದಕ್ಕೂ ಒಂದೇ ಮಟ್ಟಕ್ಕೆ ತನ್ನಿ, ಇಲ್ದಿದ್ರೆ ಹಾರರ್ ಕ್ಲಿಪ್ಪಿನ ಧಡಾರ್ ಸದ್ದಿಗೇ ಗುಡ್ಡ ಎದ್ದು ನೀವು ಭಯ ಅಂತ ಬರ್ಕೋತೀರಿ, ತಟ್ಟೆ ಬಿದ್ದ ಸದ್ದಿಗೂ ಅದೇ ಗುಡ್ಡ ಬರತ್ತೆ. ಹಾಗೇ ಕಣ್ಣಿನ ಪಾಪೆ ಅಳೆಯೋ ಐ ಟ್ರ್ಯಾಕರ್ ಬಳಸೋರು ಪರದೆಯ ಬೆಳಕಿನ ಏರಿಳಿತ ಲೆಕ್ಕಕ್ಕೆ ತಗೊಳ್ಳಲೇಬೇಕು, ಕತ್ತಲೆ ಸೀನ್ ಬಂದ್ರೆ ಪಾಪೆ ತಾನಾಗೇ ಹಿಗ್ಗತ್ತೆ. ಭಾವನೆ ಕ್ಲಿಪ್‌ಗಳ ಜೊತೆ ಒಂದೆರಡು ಸಪ್ಪೆ ಕ್ಲಿಪ್ಪೂ ಬೇಕು, ಹೊಲ, ಮೋಡ, ಖಾಲಿ ರಸ್ತೆ ಇಂಥದ್ದು, ಹೋಲಿಸೋಕೆ. ಕ್ಲಿಪ್‌ಗಳ ಆರ್ಡರ್ ಒಬ್ಬೊಬ್ಬರಿಗೂ ಬದಲಾಯಿಸಿ, ಯಾಕಂದ್ರೆ ಹೊತ್ತು ಹೋದಂಗೆ ಮೈ ಒಗ್ಗಿಕೊಂಡು ಪ್ರತಿಕ್ರಿಯೆ ಸಣ್ಣದಾಗ್ತಾ ಹೋಗತ್ತೆ, ಯಾವಾಗ್ಲೂ ಕೊನೇಲಿ ಬರೋ ಕ್ಲಿಪ್ಪಿಗೆ ಅನ್ಯಾಯ ಆಗತ್ತೆ.

ಇನ್ನು ಕೋಣೆ. 22ರಿಂದ 24 ಡಿಗ್ರಿ ಆಸುಪಾಸು ಇರೋ ಹಾಗೆ ನೋಡ್ಕೊಳಿ. ಬೆಂಗಳೂರಲ್ಲಿ ಡಿಸೆಂಬರ್ ಬೆಳಿಗ್ಗೆ ಬೆರಳು ತಣ್ಣಗಾಗಿ ಸಿಗ್ನಲ್ ಸತ್ತೋಗಿರತ್ತೆ, ಮಂಗಳೂರಿನ ಸೆಖೆಯಲ್ಲೋ ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲೋ ಏನೂ ತೋರಿಸ್ದೇನೇ ಬೆವರು ಮೇಲಕ್ಕೆ ಕೂತಿರತ್ತೆ, ಎರಡು ಕಡೆ ತೆಗೆದ ಡೇಟಾ ಒಟ್ಟಿಗೆ ಸೇರಿಸೋ ಹಾಗಿದ್ರೆ ಕೋಣೆಯ ಉಷ್ಣತೆ ಬರೆದಿಟ್ಟಿರಬೇಕು. ಫ್ಯಾನ್ ಗಾಳಿ ನೇರ ಕೈಗೆ ಬೀಳಬಾರ್ದು. ಬರೋರಿಗೆ ಮೊದಲೇ ಹೇಳಿ, ಎರಡು ಗಂಟೆ ಮುಂಚೆಯಿಂದ ಕಾಫಿ ಸಿಗರೇಟ್ ಬೇಡ, ಮೆಟ್ಟಿಲು ಹತ್ತಿ ಓಡಿ ಬಂದ್ರೆ ಹತ್ತು ನಿಮಿಷ ಕೂರಿಸಿ. ಬಿಪಿಗೆ ಬೀಟಾ ಬ್ಲಾಕರ್ ತಗೊಳ್ಳೋರಲ್ಲಿ ಬಡಿತ ಕಟ್ಟಿಹಾಕಿದ ಹಾಗಿರತ್ತೆ, ಕೆಲವು ಅಲರ್ಜಿ ಮಾತ್ರೆ ಬೆವರನ್ನೇ ಒಣಗಿಸತ್ತೆ, ಹಾಗಾಗಿ ಮಾತ್ರೆ ಕೇಳಿ ಬರ್ಕೊಳಿ.

ಕಟ್ಟೋದು ಹೇಗೆ ಅಂದ್ರೆ, ಹೆಚ್ಚು ಬಳಸದ ಕೈ, ನಮ್ಮಲ್ಲಿ ಬಹಳ ಜನಕ್ಕೆ ಎಡಗೈ, ತೋರುಬೆರಳು ಮತ್ತು ಮಧ್ಯದ ಬೆರಳಿನ ಒಳಬದಿಗೆ ಒಂದೊಂದು ಎಲೆಕ್ಟ್ರೋಡು. ಉಂಗುರ ಬಳೆ ತೆಗೆಸಿ. ಕೈಯಲ್ಲಿ ಎಣ್ಣೆ ಕ್ರೀಮು ಇದ್ರೆ ಬರೀ ನೀರಲ್ಲಿ ತೊಳೆದು ಒರೆಸಿಕೊಳ್ಳಲಿ, ಸ್ಪಿರಿಟ್ ಹಾಕಿ ಉಜ್ಜಬೇಡಿ, ಚರ್ಮ ಒಣಗಿ ಸಿಗ್ನಲ್ ಹಾಳಾಗತ್ತೆ. ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ ಸಿಕ್ಕಿದ್ರೆ ಅದೇ ಒಳ್ಳೇದು, ಜೆಲ್ ಹಾಕೋದಾದ್ರೆ ಇಡಿಎಗೆ ಅಂತಾನೇ ಇರೋದು ಹಾಕಿ, ಇಸಿಜಿ ಜೆಲ್ಲಲ್ಲಿ ಉಪ್ಪು ಜಾಸ್ತಿ, ಲೆವೆಲ್ ಸುಮ್‌ಸುಮ್ನೆ ಏರತ್ತೆ. ಬಿಗಿಯಾಗಿರಬೇಕು ಆದ್ರೆ ಬೆರಳು ನೀಲಿ ಆಗಬಾರ್ದು. ಪಿಪಿಜಿ ಕ್ಲಿಪ್ ಅದೇ ಕೈಯ ಉಂಗುರದ ಬೆರಳಿಗೆ. ಕೈ ತೊಡೆ ಮೇಲೋ ಮೇಜಿನ ಮೆತ್ತೆ ಮೇಲೋ ಅಂಗೈ ಮೇಲಕ್ಕೆ ಮಾಡಿ ಇಡಿಸಿ, ಆಮೇಲೆ ಐದರಿಂದ ಹತ್ತು ನಿಮಿಷ ಸುಮ್ನೆ ಬಿಡಿ, ಚರ್ಮಕ್ಕೂ ಎಲೆಕ್ಟ್ರೋಡಿಗೂ ಹೊಂದ್ಕೊಳ್ಳೋಕೆ ಟೈಮ್ ಬೇಕು. ಆ ಹೊತ್ತಲ್ಲಿ ಫಾರ್ಮ್ ತುಂಬಿಸಬಹುದು.

ಎಲ್ಲಾ ಸರಿ ಇದ್ಯಾ ಅಂತ ನೋಡೋಕೆ ಒಂದು ಸುಲಭದ ಪರೀಕ್ಷೆ, ಒಂದು ಸಲ ಜೋರಾಗಿ ಉಸಿರು ಎಳ್ಕೊಳ್ಳಿ ಅನ್ನಿ, ಎರಡು ಮೂರು ಸೆಕೆಂಡ್ ಬಿಟ್ಟು ಗ್ರಾಫಲ್ಲಿ ಗುಡ್ಡ ಏಳಬೇಕು. ಏಳ್ಲಿಲ್ಲ ಅಂದ್ರೆ ಎಲೆಕ್ಟ್ರೋಡ್ ಸರಿ ಮಾಡಿ, ಆಮೇಲೂ ಏಳ್ಲಿಲ್ಲ ಅಂದ್ರೆ ಆ ಮನುಷ್ಯನ ಬೆರಳೇ ಹಾಗಿರಬಹುದು, ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆವರಿನ ಪ್ರತಿಕ್ರಿಯೆ ಕಾಣೋದೇ ಇಲ್ಲ. ಅವರಿಗೆ ಕಲ್ಲು ಮನಸ್ಸು ಅಂತ ಅಲ್ಲ, ಅಂಥೋರ ಡೇಟಾ ಬಿಟ್ಟೆ ಅಂತ ರಿಪೋರ್ಟಲ್ಲಿ ಬರೆದ್ರೆ ಆಯ್ತು. ಉಸಿರು ಎಳ್ಕೊಂಡ್ರೂ ಗುಡ್ಡ ಏಳತ್ತಲ್ಲ, ಅದಕ್ಕೇ ಕೆಮ್ಮು, ಸೀನು, ನಿಟ್ಟುಸಿರು ಬಂದಾಗ್ಲೆಲ್ಲ ಪಕ್ಕದಲ್ಲಿ ಕೂತಿರೋರು ಟೈಮ್ ಗುರುತು ಹಾಕ್ಕೊಬೇಕು, ಅವೂ ಗುಡ್ಡ ಎಬ್ಬಿಸ್ತವೆ. ಕಾಮಿಡಿ ಕ್ಲಿಪ್ಪಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕಾಗ ಕೈಯೂ ಅಲ್ಲಾಡತ್ತೆ ಉಸಿರೂ ಏರುಪೇರಾಗತ್ತೆ, ಆ ಭಾಗದ ಪಿಪಿಜಿ ಬಹುತೇಕ ಕಸ.

ಈಗ ಎಲ್ಲಕ್ಕಿಂತ ಮುಖ್ಯ, ಸಿಂಕ್. ವಿಡಿಯೋ ಯಾವ ಕ್ಷಣ ಶುರುವಾಯ್ತು ಅನ್ನೋದು ಸಿಗ್ನಲ್ ಫೈಲಲ್ಲೇ ಗೊತ್ತಾಗ್ಬೇಕು, ಸ್ಟಾಪ್‌ವಾಚ್ ನೋಡಿ ಪ್ಲೇ ಒತ್ತೋದು ಬೇಡ. ಅಗ್ಗದ ಉಪಾಯ ಹೀಗಿದೆ: ಪ್ರತಿ ಕ್ಲಿಪ್ಪಿನ ಮೊದಲ ಕೆಲವು ಫ್ರೇಮಿಗೆ, ಕೊನೇ ಕೆಲವು ಫ್ರೇಮಿಗೆ ಪರದೆಯ ಮೂಲೇಲಿ ಒಂದು ಬಿಳಿ ಚೌಕ ಹಾಕಿ, ಉಳಿದ ಹೊತ್ತು ಅಲ್ಲಿ ಕಪ್ಪು, ಆ ಮೂಲೆ ಮೇಲೆ ಬೆಳಕು ಗುರುತಿಸೋ ಒಂದು ಎಲ್‌ಡಿಆರ್ ಸೆನ್ಸರನ್ನ ಟೇಪ್ ಹಾಕಿ ಅಂಟಿಸಿ ಅದೇ ಆರ್ಡುಯಿನೋದ ಇನ್ನೊಂದು ಪಿನ್ನಿಗೆ ಕೊಡಿ. ಬೆಳಕು ಬಂದ ಕ್ಷಣ ಬೆವರಿನ ಡೇಟಾ ಪಕ್ಕದ ಕಾಲಮಲ್ಲೇ ಬಂತು, ಶುರು ಮತ್ತು ಕೊನೆ ಎರಡೂ ಇರೋದ್ರಿಂದ ಮಧ್ಯೆ ವಿಡಿಯೋ ತಡವರಿಸಿದ್ರೂ ಸಿಕ್ಕಿಬೀಳತ್ತೆ. 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್, ಬೆವರಿಗೆ ಒಂದೆರಡು ಫ್ರೇಮ್ ಆಚೀಚೆ ಆದ್ರೆ ಏನೂ ಆಗಲ್ಲ, ಇಇಜಿಗೆ ಆಗತ್ತೆ. ಪ್ರೋಗ್ರಾಮಿಂಗ್ ಬರೋರು ಕ್ಲಿಪ್ ತೋರಿಸೋಕೆ ಸೈಕೋಪೈ, ಸಿಗ್ನಲ್‌ಗಳ ಟೈಮ್ ಹೊಂದಿಸೋಕೆ ಲ್ಯಾಬ್ ಸ್ಟ್ರೀಮಿಂಗ್ ಲೇಯರ್ ಬಳಸಿ, ಎರಡೂ ಫ್ರೀ. ಯೂಟ್ಯೂಬಿಂದ ನೇರ ಪ್ಲೇ ಮಾಡೋದು ಮಾತ್ರ ಬೇಡವೇ ಬೇಡ, ಬಫರಿಂಗಿನ ಗೋಲ ತಿರುಗೋದಕ್ಕೂ ಜನರಿಗೆ ಬೆವರು ಬರತ್ತೆ.

ಓಡಿಸೋ ಕ್ರಮ: ಮೊದಲು ಎರಡರಿಂದ ಮೂರು ನಿಮಿಷ ಬರೀ ಪ್ಲಸ್ ಗುರುತು ಅಥವಾ ಸಪ್ಪೆ ಕ್ಲಿಪ್, ಇದು ಬೇಸ್‌ಲೈನ್. ಆಮೇಲೆ ಕ್ಲಿಪ್, ಮುಗಿದ ತಕ್ಷಣ ಪ್ರಶ್ನೆ, ಮತ್ತೆ ಒಂದೆರಡು ನಿಮಿಷ ಖಾಲಿ, ಮುಂದಿನ ಕ್ಲಿಪ್. ಒಟ್ಟು ಮುಕ್ಕಾಲು ಗಂಟೆ ದಾಟಬಾರ್ದು, ದಾಟಿದ್ರೆ ಅಳೆಯೋದು ಬೇಜಾರನ್ನೇ. ಪ್ರಶ್ನೆಗೆ ಬ್ರಾಡ್ಲಿ ಮತ್ತು ಲ್ಯಾಂಗ್ 1994ರಲ್ಲಿ ವಿವರಿಸಿದ ಸ್ಯಾಮ್ ಅನ್ನೋ ಗೊಂಬೆ ಚಿತ್ರಗಳ ಸ್ಕೇಲ್ ಇದೆ, ನಗೋ ಗೊಂಬೆಯಿಂದ ಸಪ್ಪೆ ಮೋರೆ ಗೊಂಬೆವರೆಗೆ ಒಂದು ಸಾಲು, ನಿದ್ದೆ ಗೊಂಬೆಯಿಂದ ಎದೆ ಸಿಡಿಯೋ ಗೊಂಬೆವರೆಗೆ ಇನ್ನೊಂದು, 1ರಿಂದ 9. ಭಾಷೆ ಬೇಕಾಗಿಲ್ಲ, ಅಜ್ಜಿಯೂ ತೋರಿಸ್ತಾರೆ. ಪ್ರಯೋಗ ನಡೆಸೋರು ನೋಡುಗರ ಮುಂದೆ ಕೂರಬೇಡಿ, ಯಾರೋ ನೋಡ್ತಿದಾರೆ ಅನ್ನೋದೇ ಒಂದು ಒತ್ತಡ.

ಎಷ್ಟು ಜನ ಬೇಕು? ಇಂಥ ಸಂಶೋಧನೆಗೆ ಎಲ್ಲರೂ ಬಳಸೋ ಡೀಪ್ (DEAP) ಅನ್ನೋ ಡೇಟಾಸೆಟ್ಟಲ್ಲಿ 32 ಜನ, ಒಂದೊಂದು ನಿಮಿಷದ 40 ಮ್ಯೂಸಿಕ್ ವಿಡಿಯೋ ನೋಡಿದ್ರು, ಡ್ರೀಮರ್‌ನಲ್ಲಿ 23, ಸೀಡಲ್ಲಿ 15. ಕಾಲೇಜ್ ಮಟ್ಟಕ್ಕೆ 20 ಜನ ಅಂದ್ರೆ ಗೌರವದ ನಂಬರ್. ನಾಲ್ಕೈದು ಜನರ ಮೇಲೆ ಮಾಡಿದ್ದನ್ನ ಡೆಮೋ ಅಂತ ಕರೀರಿ, ಫಲಿತಾಂಶ ಅಂತ ಬೇಡ.

ಅನಾಲಿಸಿಸ್‌ಗೆ ಪೈಥಾನಲ್ಲಿ ನ್ಯೂರೋಕಿಟ್2 ಅನ್ನೋ ಲೈಬ್ರರಿ ಇದೆ, ಇಡಿಎ ಫೈಲ್ ಮತ್ತೆ ಸ್ಯಾಂಪ್ಲಿಂಗ್ ರೇಟ್ ಕೊಟ್ರೆ ಟಾನಿಕ್ ಫೇಸಿಕ್ ಬೇರೆ ಮಾಡಿ ಗುಡ್ಡಗಳ ಶುರು, ತುದಿ, ಎತ್ತರ ಎಲ್ಲಾ ಪಟ್ಟಿ ಕೊಡತ್ತೆ. ಆದ್ರೆ ಅದಕ್ಕೆ ಕೊಡೋ ಮುಂಚೆ ಕಚ್ಚಾ ಗ್ರಾಫನ್ನ ಕಣ್ಣಾರೆ ನೋಡಿ, ಪ್ರತಿಯೊಬ್ಬರದ್ದೂ. ಸೆಕೆಂಡಿನೊಳಗೆ ಗೋಡೆ ಥರ ನೆಟ್ಟಗೆ ಏರಿ ಬಿದ್ದಿದ್ರೆ ಅದು ಕೈ ಅಲ್ಲಾಡಿಸಿದ್ದು, ಭಾವನೆ ಅಲ್ಲ. 0.05 ಮೈಕ್ರೋಸೀಮೆನ್ಸಿಗಿಂತ ಚಿಕ್ಕ ಗುಡ್ಡಗಳನ್ನ ಬಿಡಿ, ಒಳ್ಳೇ ಸಲಕರಣೆ ಇದ್ರೆ 0.01ರವರೆಗೂ ಹೋಗೋರಿದ್ದಾರೆ. ಆಮೇಲೆ ಒಬ್ಬೊಬ್ಬರ ಡೇಟಾನ ಅವರದ್ದೇ ಸರಾಸರಿಗೆ ಹೋಲಿಸಿ ಝಡ್ ಸ್ಕೋರ್ ಮಾಡಿ, ಅಂದ್ರೆ ಸರಾಸರಿಯಿಂದ ಎಷ್ಟು ದೂರ ಅನ್ನೋದನ್ನ ಅವರದ್ದೇ ಏರಿಳಿತದ ಅಳತೆಯಲ್ಲಿ ಹೇಳಿ, ಒಬ್ಬನ ಲೆವೆಲ್ 3 ಇನ್ನೊಬ್ಬಳದ್ದು 15 ಇದ್ರೆ ಅವಳಿಗೆ ಐದು ಪಟ್ಟು ಭಾವನೆ ಬಂತು ಅಂತ ಅರ್ಥ ಅಲ್ಲ, ಅವಳ ಚರ್ಮ ಹಾಗಿದೆ ಅಷ್ಟೇ.

ಒಬ್ಬರ ಗ್ರಾಫ್ ನೋಡಿ ಯಾವತ್ತೂ ತೀರ್ಮಾನಕ್ಕೆ ಬರಬೇಡಿ. ಏನೂ ಆಗದೇ ಇದ್ರೂ ನಿಮಿಷಕ್ಕೆ 1ರಿಂದ 3 ಗುಡ್ಡ ತಾನಾಗೇ ಏಳ್ತಾ ಇರತ್ತೆ, ಸಾಲ ಕಟ್ಟೋದು ನೆನಪಾಗಿರಬಹುದು, ಸೊಳ್ಳೆ ಕಚ್ಚಿರಬಹುದು. ಹಾಗಾಗಿ ವಿಡಿಯೋದ ಪ್ರತಿ ಸೆಕೆಂಡಿಗೂ ಆ ಸೆಕೆಂಡ್ ಮತ್ತೆ ಅದರ ಆಚೀಚೆ ಒಂದೊಂದು ಸೆಕೆಂಡಲ್ಲಿ ಎಷ್ಟು ಜನರಿಗೆ ಗುಡ್ಡ ಶುರುವಾಯ್ತು ಅಂತ ಎಣಿಸಿ. 20 ಜನರಲ್ಲಿ 13 ಜನಕ್ಕೆ ಅದೇ ಮೂರು ಸೆಕೆಂಡಲ್ಲಿ ಎದ್ದಿದ್ರೆ ಅದು ಸೊಳ್ಳೆ ಅಲ್ಲ, ನಿಮ್ಮ ಸೀನು. ಇಬ್ಬರಿಗೋ ಮೂವರಿಗೋ ಎದ್ದಿದ್ರೆ ಅದು ಆಕಸ್ಮಿಕ ಇರಬಹುದು, ಅದನ್ನ ಪರೀಕ್ಷಿಸೋಕೆ ಪ್ರತಿಯೊಬ್ಬರ ಸಿಗ್ನಲ್ಲನ್ನ ಮನಸ್ಸಿಗೆ ಬಂದಷ್ಟು ಮುಂದಕ್ಕೆ ಜರುಗಿಸಿ, ಕೊನೇಲಿ ಉಳಿದದ್ದನ್ನ ಮೊದಲಿಗೆ ಸುತ್ತಿಸಿ ಮತ್ತೆ ಎಣಿಸಿ, ಕಂಪ್ಯೂಟರಿಗೆ ಹೇಳಿ ಸಾವಿರ ಸಲ ಹೀಗೆ ಮಾಡಿಸಿದ್ರೆ ಬರೀ ಅದೃಷ್ಟದಿಂದ ಎಷ್ಟು ಜನ ಒಟ್ಟಿಗೆ ಸೇರ್ತಾರೆ ಅನ್ನೋದು ಗೊತ್ತಾಗತ್ತೆ, ಅದನ್ನ ಮೀರಿದ್ದು ಮಾತ್ರ ನಿಜವಾದ ತುದಿ. ನೋಡುಗರು ಒಟ್ಟಿಗೆ ಸ್ಪಂದಿಸ್ತಿದಾರಾ ಅನ್ನೋ ಈ ಯೋಚನೇನ ಮೆದುಳಿನ ಸ್ಕ್ಯಾನಿಗೂ ಬಳಸ್ತಾರೆ, 2004ರಲ್ಲಿ ಊರಿ ಹ್ಯಾಸನ್ ತಂಡ ಸಿನಿಮಾ ನೋಡ್ತಿರೋರ ಮೆದುಳುಗಳಲ್ಲಿ ಹೀಗೇ ತಾಳ ಸೇರೋದನ್ನ ತೋರಿಸಿತ್ತು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ನಂಬೋಕೆ ಯೋಗ್ಯವಾದ ನಂಬರ್ ಇದೊಂದೇ.

ಮೆಷೀನ್ ಲರ್ನಿಂಗ್ ಹಾಕೋರಿಗೆ ಎಚ್ಚರಿಕೆ. ಒಬ್ಬರ ಒಂದು ಕ್ಲಿಪ್ಪಿನ ಡೇಟಾನ 5 ಸೆಕೆಂಡಿನ ತುಂಡು ಮಾಡಿ ಎಲ್ಲಾ ಕಲಸಿ ಮಾಡೆಲ್‌ಗೆ ಕಲಿಸೋಕೆ ಒಂದಷ್ಟು, ಪರೀಕ್ಷಿಸೋಕೆ ಒಂದಷ್ಟು ಅಂತ ಹಂಚಿದ್ರೆ ಅಕ್ಯುರಸಿ ತೊಂಬತ್ತರ ಮೇಲೆ ಬರೋದು ಸಹಜ, ಯಾಕಂದ್ರೆ ಪಕ್ಕಪಕ್ಕದ ತುಂಡುಗಳು ಅವಳಿಜವಳಿ ಇದ್ದ ಹಾಗಿರ್ತವೆ, ಮಾಡೆಲ್ ಭಾವನೆ ಕಲಿಯಲ್ಲ, ಯಾರ ಬೆರಳು ಅಂತ ಕಲಿಯತ್ತೆ. ಒಬ್ಬರನ್ನ ಪೂರ್ತಿ ಹೊರಗಿಟ್ಟು ಉಳಿದವರಿಂದ ಕಲಿಸಿ ಆ ಒಬ್ಬರ ಮೇಲೆ ಪರೀಕ್ಷಿಸಿ, ಹೀಗೆ ಸರದಿ ಪ್ರಕಾರ ಎಲ್ಲರನ್ನೂ. ನಂಬರ್ ಧಡಕ್ಕಂತ ಬೀಳತ್ತೆ, ಬಿದ್ದದ್ದನ್ನೇ ಬರೀರಿ, ವೈವಾದಲ್ಲಿ ಗೊತ್ತಿರೋ ಎಗ್ಸಾಮಿನರ್ ಸಿಕ್ಕಿದ್ರೆ ಅದಕ್ಕೇ ಮಾರ್ಕ್ಸ್ ಕೊಡ್ತಾರೆ.

ಕೊನೇ ಹಂತ ಎಡಿಟರ್‌ಗಳಿಗೆ ಇಷ್ಟ ಆಗೋದು. ಎಲ್ಲರ ಎಣಿಕೆಯ ಗ್ರಾಫನ್ನ ಚಿತ್ರ ಮಾಡಿ ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್ ಕೆಳಗೆ ಕ್ಲಿಪ್ ಉದ್ದಕ್ಕೆ ಸರಿಯಾಗಿ ಎಳೆದು ಕೂರಿಸಿ, ಆಮೇಲೆ ಇಡೀ ಗ್ರಾಫನ್ನ ಸುಮಾರು 2 ಸೆಕೆಂಡ್ ಎಡಕ್ಕೆ ಸರಿಸಿ, ಮೊದಲೇ ಹೇಳಿದ ಆ ಬೆವರಿನ ತಡ ಇದೇ. ಈಗ ಪ್ರತಿ ತುದಿಯ ಕೆಳಗೆ ಏನಿದೆ ನೋಡಿ: ಡೈಲಾಗಾ, ಕಟ್ಟಾ, ಮ್ಯೂಸಿಕ್ ಎದ್ದಿದ್ದಾ. ಎಷ್ಟೋ ಸಲ ನೀವು ಅಳಿಸೋಕೆ ಅಂತ ಬರೆದ ಡೈಲಾಗಿಗೆ ಏನೂ ಆಗಿರಲ್ಲ, ಅದಕ್ಕೂ ಮುಂಚೆ ಬಾಗಿಲು ತೆಗೆದ ಸದ್ದಿಗೆ ಎಲ್ಲರ ಮೈ ಎದ್ದಿರತ್ತೆ. ಗ್ರಾಫ್ ಚಪ್ಪಟೆ ಇರೋ ಕಡೆಯೆಲ್ಲ ಕತ್ತರಿ ಹಾಕ್ಬೇಡಿ, ದುಃಖದ ನಿಧಾನ ಸೀನುಗಳಲ್ಲಿ ಬೆವರು ಇಳಿಯೋದೂ ಉಂಟು. ಅಂಥ ಕಡೆ ಸ್ಯಾಮ್ ಉತ್ತರ ತೆಗೆದು ನೋಡಿ, ಸಾಲದಿದ್ರೆ ಆ ಒಂದು ನಿಮಿಷವನ್ನ ಅದೇ ಜನಕ್ಕೆ ಮತ್ತೆ ತೋರಿಸಿ "ಇಲ್ಲಿ ಏನನ್ನಿಸ್ತಿತ್ತು" ಅಂತ ಕೇಳಿ, ಅವರು ಹೇಳಿದ್ದನ್ನ ಅವರ ಮಾತಲ್ಲೇ ಗ್ರಾಫ್ ಪಕ್ಕ ಬರ್ಕೊಳಿ.